1 ಶ್ರೀ 6218ರ ಮಾಲೀಕರು

ಜೂನ್ 18, 2022, ಶನಿವಾರ

ಬೆಳಗಿನ ಐದು ಗಂಟೆ ಹತ್ತು ನಿಮಿಷಕ್ಕೆ ಪೆಟ್ರೋಲ್ ಸಾಲು ಸೇರಿದೆ. ದೇಶದಲ್ಲಿ ಪೆಟ್ರೋಲಿಗೇ ಬರ. ಬಂಕ್ ಇರುವುದು ನಮ್ಮ ಮೊರಟುವದ ಗಾಲೆ ರಸ್ತೆಯಲ್ಲಿ. ಸಾಲಿನಲ್ಲಿ ನಾನಿರುವುದು ಅಲ್ಲಿಂದ ಎರಡು ತಿರುವು ದಾಟಿ, ಮಂಚ, ಬೀರು ಮಾಡುವ ಬಡಗಿಯ ಅಂಗಡಿ ಮುಂದೆ. ಇಷ್ಟು ವರ್ಷ ಊಟದ ಮೇಜಿನ ಮೇಲೆ ಬರೆಯುತ್ತಿದ್ದ ದಿನಚರಿಯನ್ನು ಇವತ್ತು ಸ್ಟಿಯರಿಂಗ್‌ಗೆ ಆನಿಸಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಅದಕ್ಕೆ ಸರ್ಕಾರವೇ ಹೊಣೆ.

ಇದೆಲ್ಲ ಇರಂಗನಿ ಅಕ್ಕನಿಗಾಗಿ. ಬರುವ ಶುಕ್ರವಾರ, 24ಕ್ಕೆ, ಕೊಲಂಬೊದಲ್ಲಿ ಅವಳ ಕಣ್ಣಿನ ಪೊರೆಯ ಆಪರೇಷನ್. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಮುಕ್ಕಾಲು. ಈ ದಿನ ತಪ್ಪಿದರೆ ಮತ್ತೆ ಯಾವಾಗಲೋ ಹೇಳಲಾಗದು, ಕಣ್ಣೊಳಗೆ ಇಡುವ ಮಸೂರ ಹಡಗಿನಲ್ಲಿ ಬರಬೇಕು ಅಂದರಂತೆ ಡಾಕ್ಟರು. ಅಕ್ಕ ಇರುವುದು ಅಂಬಲಂಗೊಡದಲ್ಲಿ, ಇಲ್ಲಿಂದ ಅರವತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕೆ. ಬಾಡಿಗೆ ಕಾರುಗಳು ನಿಂತೇಹೋಗಿವೆ. ರೈಲಿದೆ, ಆದರೆ ಜನ ಕಿಟಕಿಯಿಂದ ಹತ್ತಿ ಕಿಟಕಿಯಿಂದಲೇ ಇಳಿಯುತ್ತಿದ್ದಾರೆ. ಮೂವತ್ತನಾಲ್ಕು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವನು ಹೇಳುತ್ತಿದ್ದೇನೆ, ಎಪ್ಪತ್ತನಾಲ್ಕರ ಹೆಂಗಸನ್ನು ಈ ರೈಲಿಗೆ ಹತ್ತಿಸಬಾರದು.

ಅಕ್ಕ ನನಗೆ ಫೋನ್ ಮಾಡಲಿಲ್ಲ. ನಾವಿಬ್ಬರೂ ಸಾವಿನ ಮನೆಗಳಲ್ಲಿ ಮಾತ್ರ ಮಾತಾಡುವವರು. ನನ್ನ ಹೆಂಡತಿ ಮರ್ಲೀನ್‌ಗೆ ಫೋನ್ ಮಾಡಿ ಸುಮ್ಮನೆ ವಿಷಯ ಹೇಳಿದಳಂತೆ. ಮರ್ಲೀನ್ ನನ್ನ ಮುಖ ನೋಡಿ, "ಹೋಗ್ತೀರೋ, ನಾನೇ ಅವರನ್ನ ಹೊತ್ಕೊಂಡು ಬರ್ಲೋ?" ಅಂದಳು. ಕರ್ತವ್ಯವೆಂದು ಬಂದಿದ್ದೇನೆ, ಅಷ್ಟೆ.

ಸಾಲಿನಲ್ಲಿ ಶಿಸ್ತು ಎಂಬುದೇ ಇರಲಿಲ್ಲ. ಏಳು ಗಂಟೆಯೊಳಗೆ ನಾನೇ ಒಂದು ನೋಟ್‌ಬುಕ್ ತೆರೆದು ಪಟ್ಟಿ ಮಾಡಿದೆ. ನಿಯಮ ಒಂದು: ಎಂಜಿನ್ ಹಚ್ಚಬಾರದು, ಗಾಡಿ ನೂಕಿಯೇ ಮುಂದೆ ಹೋಗಬೇಕು. ನಿಯಮ ಎರಡು: ಸಾಲು ಕದಲಿದಾಗ ಗಾಡಿಯ ಹತ್ತಿರ ಇಲ್ಲದವನು ಕೊನೆಗೆ ಹೋಗಬೇಕು. ದಾಕ್ಷಿಣ್ಯವಿಲ್ಲ. ನನ್ನ ಸಾಲು ಹೀಗಿದೆ:

ನಂ. 47. 1 ಶ್ರೀ 6218, ಮಾರಿಸ್ ಮೈನರ್. ಮಾಲೀಕ: ಟೆರೆನ್ಸ್ ಸಲ್ಗಾದು. ಚಾಲಕ: ಅವನೇ.

ಸಂಜೆಯ ಹೊತ್ತಿಗೆ ಆರು ಗಾಡಿಯಷ್ಟು ಮುಂದೆ ಹೋದೆವು. ಹಿಂದಿನ ಸ್ಕೂಲ್ ವ್ಯಾನಿನ ಹೆಂಗಸು, "ಅಂಕಲ್, ಕೀ ಕೊಟ್ಟು ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬನ್ನಿ, ನಾವು ನೂಕ್ತೀವಿ" ಅಂದಳು. ಈ ಕಾರಿನ ಕೀಲಿ ನನ್ನ ಕೈ ಬಿಟ್ಟು ಯಾರ ಕೈಗೂ ಹೋಗಿಲ್ಲ ಎಂದು ಹೇಳಿದೆ. ನಾನು ಸ್ಟಿಯರಿಂಗ್ ಹಿಡಿದು ಕುಳಿತೆ, ಅವರು ನೂಕಿದರು.


ಜೂನ್ 19, ಭಾನುವಾರ

ಹುಟ್ಟಿದ ಮೇಲೆ ಮೊದಲ ಸಲ, ಊರಲ್ಲೇ ಇದ್ದು ಚರ್ಚ್ ತಪ್ಪಿಸಿದೆ. ಪಾದ್ರಿಯವರೂ ತಪ್ಪಿಸಿದ್ದಾರೆ, ಅವರು ನಂ. 19.

ವ್ಯಾನಿನ ಹೆಂಗಸಿನ ಹೆಸರು ಶಿರೋಮಿ. ನಲವತ್ತೈದು ಇರಬಹುದು. ಬಾಯಿ ಎಂಬುದು ವ್ಯಾನಿನ ಹಾರನ್‌ಗಿಂತ ಜೋರು. ನನ್ನ ಮುಂದಿನ ನಂ. 46 ತುವಾನ್ ಜಲ್ದೀನ್, ಮಲಯ್ ಜನ, ಅಂಚೆ ಇಲಾಖೆಯಲ್ಲಿದ್ದವರು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ಮಧ್ಯಾಹ್ನ ಬೇಸರ ತಡೆಯಲಾರದೆ ಶಿರೋಮಿ ಒಂದು ಆಟ ಹೂಡಿದಳು. ಪ್ರತಿಯೊಬ್ಬರೂ ತಮ್ಮ ಮೊದಲ ಕಾರು ಯಾವುದು, ಮೊದಲ ಸಂಗೀತ ಯಾವುದು ಹೇಳಬೇಕು. ಕ್ಯಾಸೆಟ್ಟೋ ರೆಕಾರ್ಡೋ ಏನಾದರೂ ಸರಿ, ಸ್ವಂತದ್ದಾಗಿರಬೇಕು. ಸುಳ್ಳು ಹೇಳಿದವರು ಎಲ್ಲರಿಗೂ ಶುಂಠಿ ಹಾಕಿದ ಕಪ್ಪು ಚಹಾ ಕುಡಿಸಬೇಕು.

ಜಲ್ದೀನರ ಮೊದಲ ಕಾರು ಹಳೆಯ ಫೋಕ್ಸ್‌ವ್ಯಾಗನ್. ಅದಕ್ಕೆ ರಿವರ್ಸ್ ಗೇರ್ ಬೀಳುತ್ತಿರಲಿಲ್ಲ.

"ಹಾಗಾಗಿ ನಾನು ಸ್ನೇಹಿತರನ್ನ ಆರಿಸ್ಕೊಳ್ಳೋವಾಗ ಮೊದಲು ಅವರ ಬೀದಿ ನೋಡ್ತಿದ್ದೆ" ಅಂದರು. "ಆ ಕಡೆಯಿಂದ ಹೊರಗೆ ದಾರಿ ಇದ್ರೆ ಮಾತ್ರ ಸ್ನೇಹ. ಒಂದು ಸಲ ಹುಡುಗಿ ನೋಡೋಕೆ ಹೋದೆ ನೋಡಿ. ಆ ಮನೆ ಬೀದಿ ಕೊನೆಗೆ, ಮುಂದೆ ಗೋಡೆ. ಒಳಗೆ ಹೋದೆ, ಹೊರಗೆ ಬರಕ್ಕಾಗ್ಲಿಲ್ಲ. ಇವತ್ತಿಗೂ ಅದೇ ಮನೇಲಿದೀನಿ."

ಶಿರೋಮಿಗೆ ಕಾರೇ ಇರಲಿಲ್ಲ, ನೇರ ವ್ಯಾನು. ಸಂಗೀತ ಮಾತ್ರ ಇತ್ತು. ಹದಿನಾರನೇ ವಯಸ್ಸಿನಲ್ಲಿ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಂಡು, ಹಾಡು ತುಂಬಿಸಿಕೊಡುವ ಅಂಗಡಿಗೆ ಹದಿನೈದು ಹಾಡಿನ ಚೀಟಿ ಕೊಟ್ಟಳಂತೆ.

"ಕೊನೇ ಹಾಡಿನ ಮಧ್ಯದಲ್ಲೇ ಟೇಪ್ ಮುಗಿದುಹೋಯ್ತು ಅಂಕಲ್. ಅವಳು ಬಾಗಿಲು ತೆಗೆದಳು ಅನ್ನೋ ಜಾಗಕ್ಕೆ ಟಕ್ ಅಂತ ನಿಲ್ಲೋದು. ಈಗ ರೇಡಿಯೋದಲ್ಲಿ ಆ ಹಾಡು ಪೂರ್ತಿ ಬರುತ್ತೆ. ನನಗೆ ನಂಬಿಕೇನೇ ಬರಲ್ಲ. ಬಾಗಿಲು ತೆಗೆದ ಮೇಲಿನದ್ದೆಲ್ಲ ಯಾರೋ ಆಮೇಲೆ ಸೇರಿಸಿರೋದು ಅನ್ಸುತ್ತೆ."

ನನ್ನ ಸರದಿ ಬಂತು. ಮೊದಲ ಕಾರು ಇದೇ, ಅಪ್ಪ ಕೊಟ್ಟದ್ದು. ಮೊದಲ ಸಂಗೀತ ಪ್ರಾರ್ಥನಾ ಗೀತೆಗಳ ರೆಕಾರ್ಡು, ಅದೂ ಅಪ್ಪ ಕೊಟ್ಟದ್ದು ಎಂದೆ.

"ಅಪ್ಪನ ಕಾರು, ಅಪ್ಪನ ರೆಕಾರ್ಡು" ಅಂದಳು ಶಿರೋಮಿ. "ನಿಮ್ಮದು ಯಾವುದು ಅಂಕಲ್?"

ಎಲ್ಲರೂ ನಕ್ಕರು. ಇಂಥ ಹುಡುಗಾಟಕ್ಕೆಲ್ಲ ನಾನು ಉತ್ತರ ಕೊಡುವವನಲ್ಲ.


ಜೂನ್ 20, ಸೋಮವಾರ

ಕದಲಲಿಲ್ಲ. ಟ್ಯಾಂಕರ್ ನಾಳೆ ಎನ್ನುತ್ತಾರೆ. ಬೆನ್ನು ನೋವು.

ಚಹಾ ನಾನೇ ಕುಡಿಸಿದೆ, ಹನ್ನೊಂದು ಜನರಿಗೆ. ಯಾರೂ ಕೇಳಿರಲಿಲ್ಲ.


ಜೂನ್ 21, ಮಂಗಳವಾರ

ಮನೆಯಿಂದ ಹಳೆಯ ಸೀಟಿ, ಹಸಿರು ಬಾವುಟ ತರಿಸಿದೆ. ಸೀಟಿ ಸಾಲಿನ ತುದಿಯಲ್ಲಿರುವವರ ಕೈಗೆ ಕೊಟ್ಟೆ, ಬಾವುಟ ನನ್ನ ಹತ್ತಿರ. ಈಗ ಮುಂದಿನಿಂದ 'ಲೈನ್ ಕ್ಲಿಯರ್' ಸೀಟಿ ಬರದೆ ಒಂದು ಗಾಡಿಯೂ ಅಲುಗುವುದಿಲ್ಲ. ಆಟೋ ಹುಡುಗರೂ ಬಾವುಟಕ್ಕೆ ಮರ್ಯಾದೆ ಕೊಡುತ್ತಿದ್ದಾರೆ. ಇಲಾಖೆಯಲ್ಲಿದ್ದಾಗಲೂ ಇಷ್ಟು ಮರ್ಯಾದೆ ಕಂಡವನಲ್ಲ.

ಮರ್ಲೀನ್ ಅನ್ನದ ಪೊಟ್ಟಣ ತಂದಳು. ಶಿರೋಮಿ, ಜಲ್ದೀನ್ ಇಬ್ಬರಿಗೂ ಸೇರಿಸಿ ತಂದಿದ್ದಳು. ಹಲಸಿನಕಾಯಿ ಪಲ್ಯ, ಒಣಮೀನು. ತಿನ್ನುತ್ತಾ ಜಲ್ದೀನರು ಸುಮ್ಮನೆ, "ಈ ಕಾರನ್ನ ಓಡಿಸೋಕೆ ಕಲಿಸಿದ್ದು ಯಾರು?" ಎಂದು ಕೇಳಿದರು.

"ಅಕ್ಕ" ಅಂದೆ. ಅಷ್ಟು ಅಂದ ಮೇಲೆ ಮಾತು ನಿಲ್ಲಲಿಲ್ಲ. ಅನ್ನ ತಿನ್ನುವಾಗ ಮಾತಾಡಬಾರದು ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಅಪ್ಪ ಬಡಗಿ ಕಾರ್ಖಾನೆಯ ಯಜಮಾನರು, ಮೆಥಡಿಸ್ಟ್ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವರು. ಕಾರು ತಂದ ದಿನವೇ, ಇದು ಇರಂಗನಿಯ ವರದಕ್ಷಿಣೆ, ಅವಳ ಜೊತೆ ಹೋಗುತ್ತದೆ ಎಂದಿದ್ದರು. ಹದಿನೆಂಟಕ್ಕೆ ಅಕ್ಕ ಲೈಸೆನ್ಸ್ ತೆಗೆದಳು. ನಮ್ಮ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹೆಣ್ಣು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ಹಿಡಿಸಿದವಳೂ ಅವಳೇ. ಎಪ್ಪತ್ತೊಂದರಲ್ಲಿ, ಟೀಚರ್ ಆದ ಮೇಲೆ ಬಂದ ಮೊದಲ ಸಂಬಳದಲ್ಲಿ, ಅಕ್ಕ ಒಂದು ರೆಕಾರ್ಡು ಕೊಂಡಳು. ಬೈಲಾ ಹಾಡು. ಮೊರಟುವದಲ್ಲಿ ಹುಟ್ಟಿದವರು ಬೈಲಾ ಕೇಳಿದರೆ ಕಾಲು ಸುಮ್ಮನಿರುವುದಿಲ್ಲ. ಅಪ್ಪನಿಗೆ ಮಾತ್ರ ಅದು ಕುಡುಕರ ಗಲಾಟೆ. ಅದಕ್ಕೇ ಅಕ್ಕ ಅದನ್ನು ಕಾರಿನ ಹಿಂದಿನ ಸೀಟಿನ ಕೆಳಗೆ ಬಚ್ಚಿಟ್ಟು, ಅಪ್ಪ ಇಲ್ಲದಾಗ ಗ್ರಾಮಫೋನಿನ ಮೇಲೆ ಟವೆಲ್ ಮುಚ್ಚಿ ಹಾಕುತ್ತಿದ್ದಳು.

"ಆಮೇಲೆ?" ಅಂದಳು ಶಿರೋಮಿ.

"ಆಮೇಲೆ ಅಪ್ಪನಿಗೆ ಗೊತ್ತಾಯಿತು. ಒಲೆಗೆ ಹಾಕು ಅಂದರು. ಎರಡು ವಾರಕ್ಕೆ ಅಕ್ಕ ಬೈಲಾ ವಾದ್ಯಗೋಷ್ಠಿಯ ಡ್ರಮ್ ಬಾರಿಸುವ ಬೆನೆಡಿಕ್ಟ್ ಜೊತೆ ಹೊರಟುಹೋದಳು. ಕಾರು ನನಗೆ ಬಂತು."

"ಅಪ್ಪನಿಗೆ ಗೊತ್ತಾಯ್ತು ಅಂದ್ರೆ ಹೇಗೆ? ಹೇಳಿದ್ದು ಯಾರು?"

ಆಗಲೇ ಮುಂದಿನಿಂದ ಸೀಟಿ ಕೇಳಿಸಿತು. ಬಾವುಟ ಹಿಡಿದು ಓಡಿದೆ. ಯಾರೋ ಸುಮ್ಮನೆ ಊದಿದ್ದಂತೆ.

ಸಂಜೆಯವರೆಗೆ ಶಿರೋಮಿ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು. ಜಲ್ದೀನರು ಮಾತ್ರ ಕಾರಿನ ಬಾನೆಟ್ ತಟ್ಟಿ, "ಅಂತೂ ಇದು ಅವರ ಕಾರು" ಅಂದರು. ನೋಂದಣಿ ಪುಸ್ತಕ ತೋರಿಸಿದೆ, ಅದರಲ್ಲಿ ನನ್ನ ಹೆಸರಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಹೌದು, ಹೆಸರು ನಿಮ್ಮದು" ಎಂದು ವಾಪಸ್ ಕೊಟ್ಟರು.


ಜೂನ್ 22, ಬುಧವಾರ

ಇವತ್ತು ಬರೆಯುವುದು ಬಹಳ ಇದೆ.

ಬೆಳಿಗ್ಗೆ ಎದ್ದವನೇ ಶಿರೋಮಿಗೆ ಹೇಳಿದೆ. ಅಪ್ಪನಿಗೆ ಹೇಳಿದ್ದು ನಾನು ಎಂದು. ನನಗೆ ಆಗ ಹದಿನೈದು. ಬಟ್ಟೆಯಲ್ಲಿ ಸುತ್ತಿದ್ದ ರೆಕಾರ್ಡು ಸೀಟಿನ ಕೆಳಗೆ ಸಿಕ್ಕಿತು. ಅಪ್ಪ ಪ್ರತಿ ಭಾನುವಾರ ಅಕ್ಕನನ್ನೇ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು, ನನ್ನನ್ನು ಹಿಂದೆ. ಒಂದು ಸಲವಾದರೂ ಮುಂದೆ ಕೂರುವ ಆಸೆಗೆ ರೆಕಾರ್ಡಿನ ವಿಷಯ ಅಪ್ಪನಿಗೆ ಹೇಳಿಬಿಟ್ಟೆ. ಒಲೆಗೆ ಹಾಕು ಎಂದು ನನ್ನ ಕೈಗೇ ಕೊಟ್ಟರು. ನಾನು ಹಾಕಲಿಲ್ಲ. ಹಳೆಯ ಗಡಿಯಾರದ ರಟ್ಟಿನ ಡಬ್ಬ ಒಲೆಗೆ ಹಾಕಿ ಹೊಗೆ ಎಬ್ಬಿಸಿದೆ. ರೆಕಾರ್ಡನ್ನು ಬೀರುವಿನ ಮೇಲೆ ಬಚ್ಚಿಟ್ಟೆ. ಅಪ್ಪ ಇಲ್ಲದಾಗ ನಾನೂ ಟವೆಲ್ ಮುಚ್ಚಿ ಕೇಳುತ್ತಿದ್ದೆ. ಐವತ್ತೊಂದು ವರ್ಷ, ನಾಲ್ಕು ಮನೆ ಬದಲಾಯಿಸಿದರೂ ಅದು ನನ್ನ ಜೊತೆಗೇ ಬಂದಿದೆ.

"ಹಾಗಾದ್ರೆ ನಿಮ್ಮ ಮೊದಲ ಸಂಗೀತ ಅದೇ" ಅಂದಳು ಶಿರೋಮಿ. "ಚಹಾ ಕುಡಿಸಿದ್ದು ಸರಿಯಾಯ್ತು ಬಿಡಿ."

ಬೈಯಲಿಲ್ಲ. ಬೈಯಬೇಕಿತ್ತು. "ತಗೊಂಡು ಬನ್ನಿ ಅಂಕಲ್, ನೋಡೋಣ. ನಾಳೆ ಅಕ್ಕನ ಕೈಗೇ ಕೊಟ್ಬಿಡಿ" ಅಂದಳು. ಕೀಲಿ ಅವಳ ಕೈಗೆ ಕೊಟ್ಟು ಮನೆಗೆ ಹೋಗಿ ರೆಕಾರ್ಡು ತಂದೆ. ಒಂದು ಗೀರಿಲ್ಲ. ಜಲ್ದೀನರು ಬೆಳಕಿಗೆ ಹಿಡಿದು ನೋಡಿ, "ಕನ್ನಡಿ" ಅಂದರು. ಯಾರ ಕೈಗೂ ಸಿಗದಿರಲೆಂದು ಕಾರಿನ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಇಟ್ಟು, ಕೀಲಿ ಶಿರೋಮಿಯ ಹತ್ತಿರವೇ ಬಿಟ್ಟು, ಮರ್ಲೀನ್‌ಗೆ ಔಷಧಿ ತರಲು ಪೇಟೆಗೆ ನಡೆದೆ. ಆಗ ಹನ್ನೊಂದು ಗಂಟೆ.

ವಾಪಸ್ ಬರುವಾಗ ಬೀದಿಯಲ್ಲಿ ನನ್ನ ಕಾರಿರಲಿಲ್ಲ. ಟ್ಯಾಂಕರ್ ಬಂದಿತ್ತು! ಸಾಲು ಗಾಲೆ ರಸ್ತೆಗೆ ಸರಿದಿತ್ತು. ಓಡಿದೆ. ನಲವತ್ತಾರರ ಹಿಂದೆ, ನಲವತ್ತೆಂಟರ ಮುಂದೆ ನನ್ನ ಮಾರಿಸ್. ಸ್ಟಿಯರಿಂಗ್ ಮುಂದೆ ಶಿರೋಮಿ. ಅವಳ ವ್ಯಾನನ್ನು ಪಾದ್ರಿಯವರು ನೂಕುತ್ತಿದ್ದರು. ಅವರಿಗೆ ಆಗಲೇ ಪೆಟ್ರೋಲ್ ಸಿಕ್ಕಿತ್ತು, ಆದರೂ ಬಂದಿದ್ದರು.

ನಾನು ನೋಟ್‌ಬುಕ್ ತೆಗೆದೆ. ಸಾಲು ಕದಲಿದಾಗ ಗಾಡಿಯ ಹತ್ತಿರ ಇಲ್ಲದವನು ಕೊನೆಗೆ ಹೋಗಬೇಕು. ನಾನು ಇರಲಿಲ್ಲ. ನಿಯಮ ನಿಯಮವೇ.

"ಮಾಸ್ಟರೇ" ಅಂದರು ಜಲ್ದೀನ್, "ಆ ಪುಸ್ತಕ ಸ್ವಲ್ಪ ಇಲ್ಲಿ ಕೊಡಿ." ಕೊಟ್ಟೆ. ಅದನ್ನು ಮಡಚಿ ಅದರ ಮೇಲೇ ಕುಳಿತುಬಿಟ್ಟರು. "ಅಕ್ಕನ್ನ ಕರ್ಕೊಂಡು ಬಂದ ಮೇಲೆ ವಾಪಸ್ ಕೊಡ್ತೀನಿ. ಈಗ ನೂಕಿ."

ನನ್ನ ಕಾರನ್ನು ನಾನು ನೂಕಿದೆ. ಭಾರವಿದೆ.

ನಾಲ್ಕು ಗಂಟೆಗೆ ಪೆಟ್ರೋಲ್ ಸಿಕ್ಕಿತು. ಹೋಗಿಬರಲು ಸಾಕು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಹಿಂದಿನ ಗಾಜಿನ ಕಡೆ ನೋಡಿದೆ.

ಐವತ್ತೊಂದು ವರ್ಷ ಕಾಪಾಡಿದ್ದು ಐದು ಗಂಟೆಯ ಬಿಸಿಲಿಗೆ ಬಗ್ಗಿಹೋಗಿತ್ತು. ಅಂಚೆಲ್ಲ ಮೇಲೆದ್ದು, ನಡುವೆ ತಗ್ಗಾಗಿ, ಬಾಣಲೆಯಿಂದ ಈಗಷ್ಟೆ ಎತ್ತಿದ ಅಕ್ಕಿಹಿಟ್ಟಿನ ಆಪ್ಪದ ಹಾಗಿತ್ತು. ಅಪ್ಪ ಸುಡು ಅಂದದ್ದನ್ನು ಕೊನೆಗೂ ನಾನೇ ಸುಟ್ಟೆ. ಬಂಕಿನ ಎದುರು, ಅಷ್ಟು ಜನರ ಮುಂದೆ, ಅತ್ತೆ. ಶಿರೋಮಿ ಬಾವುಟ ಕೊಟ್ಟಳು, ಅದರಲ್ಲೇ ಮುಖ ಒರೆಸಿಕೊಂಡೆ.


ಜೂನ್ 23, ಗುರುವಾರ

ಅಕ್ಕ ಗೇಟಿನ ಹತ್ತಿರವೇ ನಿಂತಿದ್ದಳು, ಕೈಯಲ್ಲಿ ಚೀಲ. ಸದ್ದಿಗೇ ಗುರುತು ಹಿಡಿದು, "ಎರಡನೇ ಗೇರಲ್ಲಿ ಇನ್ನೂ ಕೆಮ್ಮುತ್ತೆ" ಅಂದಳು. ನನ್ನನ್ನು ಬಂದೆಯಾ, ಹೇಗಿದ್ದೀಯಾ ಎಂದು ಕೇಳಿದ್ದೂ ಇಲ್ಲ.

ಮುಂದಿನ ಸೀಟಿನ ಬಾಗಿಲು ತೆಗೆದೆ. ಬೆಂಟೋಟ ದಾಟುವವರೆಗೆ ಇಬ್ಬರೂ ಗಾಡಿಯ ಬಗ್ಗೆಯೇ ಮಾತಾಡಿದೆವು. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡ ಎಂದು ನನ್ನ ಅರವತ್ತಾರನೇ ವಯಸ್ಸಿನಲ್ಲಿ ಬೈಸಿಕೊಂಡೆ. ಕಣ್ಣು ಕಾಣದವಳಿಗೆ ನನ್ನ ಕಾಲು ಹೇಗೆ ಕಾಣಿಸಿತೋ. ಕಳುತರ ಸೇತುವೆಯ ಹತ್ತಿರ ಎಲ್ಲ ಗಾಡಿಗಳಂತೆ ನಾನೂ ನಿಲ್ಲಿಸಿ, ಬೋಧಿವೃಕ್ಷದ ಹುಂಡಿಗೆ ನಾಣ್ಯ ಹಾಕಿ ಬಂದೆ.

"ಅಪ್ಪ ಏನನ್ನೋರು, ನೆನಪಿದೆಯಾ?" ಅಂದಳು ಅಕ್ಕ. "ನಾವು ಮೆಥಡಿಸ್ಟ್, ಕಾರು ಬೌದ್ಧ."

ಇಬ್ಬರೂ ನಕ್ಕೆವು. ನಗು ನಿಲ್ಲುವ ಮೊದಲೇ ಹೇಳಬೇಕು ಅನ್ನಿಸಿತು. ರೆಕಾರ್ಡನ್ನು ಅವಳ ಮಡಿಲಲ್ಲಿಟ್ಟೆ. ಬೆರಳಾಡಿಸಿ, "ಏನೋ ಇದು, ಆಪ್ಪ ಹುಯ್ಯೋ ಬಾಣಲೆನಾ?" ಅಂದಳು. ನಡುವಿನ ತೂತಿಗೆ ಬೆರಳು ಸಿಕ್ಕಿದಾಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎಲ್ಲ ಹೇಳಿದೆ. ಮುಂದಿನ ಸೀಟಿನ ಆಸೆ, ಒಲೆಯ ಹೊಗೆ, ಬೀರು, ನಿನ್ನೆಯ ಬಿಸಿಲು. ರಸ್ತೆ ನೋಡುತ್ತಲೇ ಹೇಳಿದೆ. ಕಾರು ನಿಂತೇ ಇತ್ತು.

"ನೀನು ಹೇಳಿದ್ದು ಅಂತ ಅವತ್ತೇ ಗೊತ್ತಿತ್ತು" ಅಂದಳು. "ಅದು ಸೀಟಿನ ಕೆಳಗಿರೋದು ಗೊತ್ತಿದ್ದದ್ದು ಕಾರಿಗೂ ನಿನಗೂ. ಕಾರು ಹೇಳಿರಲ್ಲ."

"ಮತ್ತೆ ಯಾಕೆ ಒಂದು ದಿನಾನೂ ಬೈಲಿಲ್ಲ?"

"ಬೈಯೋಕೆ ನೀನು ಬರ್ಬೇಕಿತ್ತಲ್ಲೋ ಮಲ್ಲಿ. ಕಾರು ಇವನ ಹತ್ರ ಇದೆ, ಇವತ್ತಲ್ಲ ನಾಳೆ ಬರ್ತಾನೆ ಅಂತ ಹಾರನ್ ಕೇಳಿಸಿದಾಗೆಲ್ಲ ಎದ್ದು ನೋಡ್ತಿದ್ದೆ. ಬೆನೆಡಿಕ್ಟ್ ನಗೋನು. ಅರವತ್ತು ಕಿಲೋಮೀಟರ್ ಬರೋಕೆ ಐವತ್ತೊಂದು ವರ್ಷ ಬೇಕಾಯ್ತಾ?"

ಮಲ್ಲಿ ಅಂದರೆ ತಮ್ಮ. ಸಾವಿನ ಮನೆಗಳಲ್ಲಿ ಅವಳು ನನ್ನನ್ನು ಟೆರೆನ್ಸ್ ಎಂದೇ ಕರೆಯುತ್ತಿದ್ದಳು.

"ಪೆಟ್ರೋಲ್ ಇರ್ಲಿಲ್ಲ ಅಕ್ಕ" ಅಂದೆ.

ನಕ್ಕು ನಕ್ಕು ಅವಳ ಕಣ್ಣಿನಲ್ಲಿ ನೀರು ಬಂತು. ಆಪರೇಷನ್‌ಗೆ ಮುಂಚೆ ಕಣ್ಣು ಒರೆಸಬಾರದೇನೋ ಎಂದು ಹೆದರಿದೆ. ಆಮೇಲೆ ಬಗ್ಗಿದ ರೆಕಾರ್ಡನ್ನು ತಮಟೆಯಂತೆ ಬಡಿಯುತ್ತಾ ಆ ಹಾಡು ಹಾಡಿದಳು, ಪಾನದುರ ಬರುವವರೆಗೂ. ನಾನೂ ಹಾಡಿದೆ. ಟವೆಲ್ ಮುಚ್ಚದೆ ಅದನ್ನು ಕೇಳಿದ್ದು ಇದೇ ಮೊದಲು.


ಜೂನ್ 25, ಶನಿವಾರ

ಆಪರೇಷನ್ ಚೆನ್ನಾಗಿ ಆಯಿತು. ಬೆಳಿಗ್ಗೆ ಪಟ್ಟಿ ತೆಗೆದರು. ಆಸ್ಪತ್ರೆಯ ಮೆಟ್ಟಿಲಿಳಿದು ಬಂದ ಅಕ್ಕ, ಕಾರಿನ ಮುಂದೆ ನಿಂತು ಒಂದು ನಿಮಿಷ ನೋಡಿದಳು.

"ಯಾವ ಪಾಪಿ ಇದಕ್ಕೆ ಸೊಪ್ಪಿನ ಗಂಜಿ ಬಣ್ಣ ಬಳಿದದ್ದು?"

ನಾನೇ, ತೊಂಬತ್ತೆರಡರಲ್ಲಿ. ಒಳ್ಳೆಯ ಹಸಿರು ಅದು. ಸಿಗ್ನಲ್ ಹಸಿರು. ಆದರೂ ಬಡಗಿ ಅಂಗಡಿಯವನ ಹತ್ತಿರ ಹಳೆಯ ಬೂದು ಬಣ್ಣ ಸಿಗುತ್ತದೆಯೋ ವಿಚಾರಿಸಬೇಕು. ಬಣ್ಣ ಹೇಗೂ ಎದ್ದುಬರುತ್ತಿತ್ತು.

ಇನ್ನೊಂದು ಕಣ್ಣೂ ಆಗುವವರೆಗೆ ಅಕ್ಕ ನಮ್ಮಲ್ಲೇ ಇರಲಿ ಎಂದು ಮರ್ಲೀನ್ ತೀರ್ಮಾನಿಸಿದ್ದಾಳೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.


ಜುಲೈ 16, ಶನಿವಾರ

ಮತ್ತೆ ಸಾಲು. ಮುಂದಿನ ವಾರ ಅಕ್ಕನ ಇನ್ನೊಂದು ಕಣ್ಣು. ಜಲ್ದೀನ್, ಶಿರೋಮಿ ಇಬ್ಬರೂ ನಮಗೆ ಜಾಗ ಹಿಡಿದಿದ್ದರು. ಅದು ನಿಯಮಕ್ಕೆ ವಿರುದ್ಧ. ನಾನು ಬರುವಾಗ ಎಲ್ಲರಿಗೂ ಶುಂಠಿ ಚಹಾ ತಂದಿದ್ದೆ, ಫ್ಲಾಸ್ಕಿನಲ್ಲಿ.

ಶಿರೋಮಿ ಆಟ ಮತ್ತೆ ಶುರು ಮಾಡಿದಳು. "ಆಂಟಿ, ನಿಮ್ಮ ಮೊದಲ ಕಾರು?"

ಅಕ್ಕ ಸ್ಟಿಯರಿಂಗ್ ತಟ್ಟಿ, "ಇದು" ಅಂದಳು. "ಮೊದಲ ಸಂಗೀತ ನಿಮ್ಮ ಮಾಸ್ಟರ್ ಮನೆ ಕಾಂಪೌಂಡ್ ಗೋಡೆ ಮೇಲಿದೆ. ಅದರಲ್ಲಿ ಮರ್ಲೀನ್ ಒಂದು ಗಿಡ ನೆಟ್ಟಿದಾಳೆ."

ಸುಳ್ಳಿಲ್ಲದ್ದರಿಂದ ಯಾರೂ ಚಹಾ ಕೇಳಲಿಲ್ಲ.

ಸ್ಟಿಯರಿಂಗ್ ಮುಂದೆ ಅವಳು ಯಾಕೆ ಎಂದರೆ, ನನಗೆ ಮಂಡಿ ನೋವು, ಹತ್ತಿ ಇಳಿದು ಮಾಡಲಾಗುವುದಿಲ್ಲ. ಲೈಸೆನ್ಸ್ ಇನ್ನೂ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ, "ನೂಕೋ ಕಾರಿಗೆ ಯಾವ ಲೈಸೆನ್ಸೋ ಮಲ್ಲಿ?" ಅಂದಳು. ಸೀಟಿ ಕೇಳಿಸಿತು. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಹಸಿರು ಬಾವುಟ ಬೀಸಿದಳು. ನಾನು ಹಿಂದೆ ಹೋಗಿ ನೂಕಿದೆ. ಈ ಸಲ ಅಷ್ಟು ಭಾರವೆನಿಸಲಿಲ್ಲ, ಇಳಿಜಾರು ಇರಬೇಕು.

ಪಟ್ಟಿ ಬರೆದು ಮುಗಿಸಿದೆ. ನಮ್ಮ ಸಾಲು:

ನಂ. 31. 1 ಶ್ರೀ 6218, ಮಾರಿಸ್ ಮೈನರ್. ಮಾಲೀಕರು: ಇರಂಗನಿ ಸಲ್ಗಾದು. ಚಾಲಕರು: ಅವರೇ. ನೂಕುವವನು: ತಮ್ಮ.